ಜನತಾ ಸೀರೆಗೆ ಕೊಂಡಿ ಬೇಕಿರಲಿಲ್ಲ

ಸೀರೆ ಅಂಗಡಿಗೆ ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ನಾನು ಹಾಗಲ್ಲ. ಸೀರೆಯನ್ನು ತಿರುವಿ ಹಾಕಿ, ಒಡಲು ಮುಗಿದು ಸೆರಗು ಶುರುವಾಗುವ ಜಾಗದ ಮೇಲೆ ಹೆಬ್ಬೆರಳು ಆಡಿಸುತ್ತೇನೆ. ಅಂಗಡಿಯವರಿಗೆ ಇದು ಹಿಡಿಸುವುದಿಲ್ಲ. ನನ್ನ ಮಗಳಿಗಂತೂ ನಾಚಿಕೆ. ‘ಯವ್ವಾ, ಸೀರಿ ತಗೋಳಾಕ ಬಂದಿಯೋ, ಅದರ ನಾಡಿ ನೋಡಾಕ ಬಂದಿಯೋ?’ ಎಂದು ಕಿವಿಯಲ್ಲಿ ಅನ್ನುತ್ತಾಳೆ.

ಹೋದ ತಿಂಗಳು ಬಾಗಲಕೋಟೆಯ ವಿದ್ಯಾಗಿರಿಯಿಂದ ಬಸ್ಸು ಹಿಡಿದು ಇಬ್ಬರೂ ಇಳಕಲ್ಲಿಗೆ ಹೋಗಿದ್ದೆವು. ಅದು ನನ್ನ ತವರು. ಈಗ ಅಲ್ಲಿ ನಮ್ಮವರು ಅಂತ ಯಾರೂ ಇಲ್ಲ, ಸೀರೆಯ ನೆಪ ಬೇಕಾಗುತ್ತದೆ. ಅಂಗಡಿಯವನು ಕೆಂಪು ಸೆರಗಿನ ಒಂದು ಸೀರೆ ಬಿಚ್ಚಿ ಹರವಿದ. ಗಂಜಿಯ ವಾಸನೆ, ಹೊಸ ಬಣ್ಣದ ವಾಸನೆ ಒಟ್ಟಿಗೇ ಮೂಗಿಗೆ ಹೊಡೆಯಿತು. ನನ್ನ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಸೆರಗಿನ ಕಡೆ ಹೋಯಿತು.

‘ಇದು ಖರೆ ಕೊಂಡಿ ಸೀರೀರಿ ಅಕ್ಕಾರ’ ಎಂದ ಅವನು. ‘ಈಗ ಕೊಂಡಿ ಹಾಕೋ ಮಂದಿನ ಸಿಗಂಗಿಲ್ರಿ. ಸರ್ಕಾರದವರು ಹುಡುಗ್ಯಾರನ್ನ ಕುಂದ್ರಿಸಿ ಕಲಸಾಕತ್ತಾರ. ಕಲಿಯಾಕ ಬಂದವರಿಗೆ ರೊಕ್ಕಾನೂ ಕೊಡ್ತಾರಂತ.’

ನಾನು ನಕ್ಕೆ. ನಾನು ನಂಬಲಿಲ್ಲವೆಂದು ತಿಳಿದು ಅವನು ಆಣೆ ಮಾಡಲು ಹೊರಟ. ನಂಬದೆ ಏನು? ಕುಡಿಯಲು ನೀರು ಕೇಳಿದೆ.

ಗೊತ್ತಿಲ್ಲದವರಿಗೆ ಕೊಂಡಿಯ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮೂರಿನ ಸೀರೆಯಲ್ಲಿ ಒಡಲಿನ ಹಾಸು, ಎಂದರೆ ಮಗ್ಗಕ್ಕೆ ಕಟ್ಟುವ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಇವೆರಡನ್ನೂ ಎಳೆಗೆ ಎಳೆ ಕೂಡಿಸಬೇಕು; ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ ಎಳೆಯಬೇಕು. ಇಡೀ ಸೀರೆಯ ಅಗಲಕ್ಕೂ ಹೀಗೆ ಸಾವಿರಾರು ಎಳೆ. ಬಿಗಿಯಾದರೆ ರೇಷ್ಮೆ ಹರಿಯುತ್ತದೆ, ಸಡಿಲಾದರೆ ನೇಯುವಾಗ ಕಳಚುತ್ತದೆ. ಒಂದು ಸೀರೆ ಮುಗಿದರೆ ಇನ್ನೊಂದಕ್ಕೆ ಮತ್ತೆ ಮೊದಲಿನಿಂದ. ಕುಣಿಯೊಳಗೆ ಕಾಲು ಇಳಿಬಿಟ್ಟು ಮಗ್ಗ ನಡೆಸುವವರು ಗಂಡಸರು. ಕೊಂಡಿ ಮಾತ್ರ ಹೆಂಗಸರ ಕೆಲಸ. ನಮ್ಮ ಓಣಿಯಲ್ಲಿ ಅದು ನಮ್ಮ ಗೌರತ್ತಿಯ ಕೆಲಸ.

ಗೌರವ್ವ ನನ್ನ ಅಪ್ಪನ ತಂಗಿ. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ಅಣ್ಣನ ಮನೆಗೆ ಬಂದವಳು ಅಲ್ಲೇ ಉಳಿದಳು. ಆದರೆ ಯಾರ ಹಂಗಿನಲ್ಲೂ ಉಳಿದವಳಲ್ಲ. ನಮ್ಮ ಮಗ್ಗಕ್ಕಷ್ಟೇ ಅಲ್ಲ, ಓಣಿಯ ಏಳೆಂಟು ಮನೆಗಳಿಗೆ ಅವಳೇ ಕೊಂಡಿ ಹಾಕುತ್ತಿದ್ದಳು. ದುಡಿದದ್ದನ್ನು ತಂದು ಅವ್ವನ ಕೈಗೆ ಕೊಡುತ್ತಿದ್ದಳು. ರೇಷ್ಮೆ ಮುಟ್ಟುವ ಬೆರಳು ಒರಟಾಗಬಾರದೆಂದು ಅವಳಿಗೆ ಬೂದಿ, ಕಸಬರಿಗೆ, ಬೀಸುವ ಕಲ್ಲು ಯಾವುದನ್ನೂ ಮುಟ್ಟಗೊಡುತ್ತಿರಲಿಲ್ಲ. ಪಾತ್ರೆ ತಿಕ್ಕುವುದು ನನ್ನ ಪಾಲಿಗೆ ಬಂದಿತ್ತು. ಅವ್ವ ಒಮ್ಮೊಮ್ಮೆ ಗೊಣಗುತ್ತಿದ್ದಳು: ‘ನಿಮ್ಮತ್ತಿ ಕೈ ಅಂದ್ರ ಬೆಣ್ಣಿ. ನಮ್ಮ ಕೈ ಏನು, ಕಟಗಿ ತುಂಡು.’ ಅತ್ತಿ ನಗುತ್ತಿದ್ದಳು. ಅವಳ ಅನ್ನ ಅವಳ ಬೆರಳಲ್ಲಿತ್ತು, ಅದು ಅವಳಿಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು.

ಮದುವೆ ಸೀರೆಯ ಕೊಂಡಿಗೆ ನಮ್ಮಲ್ಲೊಂದು ಕಟ್ಟಳೆ. ಕೂತವಳು ಮುಗಿಯುವ ತನಕ ಏಳಬಾರದು, ಶುರು ಮಾಡಿದ ಕೈಯೇ ಮುಗಿಸಬೇಕು. ನಡುವೆ ಕೈ ಬದಲಾದರೆ ಆ ಹುಡುಗಿಯ ಬಾಳುವೆಗೆ ಒಳ್ಳೆಯದಲ್ಲ ಎಂದು ನಂಬಿಕೆ. ಅಕ್ಷತೆ ಹಾಕುವಾಗ ವಿಧವೆ ಎದುರು ಬರಬಾರದು ಎನ್ನುತ್ತಿದ್ದ ಅದೇ ಜನ ಮದುಮಗಳ ಕೊಂಡಿಗೆ ಗೌರತ್ತಿಯೇ ಬೇಕು ಎಂದು ಬಂದು ಕೂರುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಅತ್ತಿಗೆ ಬರುತ್ತಿರಲಿಲ್ಲ.

‘ಮುಂದ ನಿಂದ್ರಾಕ ನಾ ಬ್ಯಾಡ ಅಂತಾರ. ಅನ್ಲಿ ಬಿಡವಾ. ಅವರ ಬೆನ್ನ ಮ್ಯಾಲ ನಾನ ಇರ್ತೇನಿ’ ಎನ್ನುತ್ತಿದ್ದಳು.

ನಾನು ಹೇಳಹೊರಟದ್ದು ಎಪ್ಪತ್ತರ ದಶಕದ ಕೊನೆಯ ಒಂದು ವರ್ಷದ ಮಾತು. ಮೆಟ್ರಿಕ್ ಮುಗಿಸಿ ಮನೆಯಲ್ಲಿದ್ದೆ. ರಾಟೆಯ ಮುಂದೆ ಕೂತು ಅಪ್ಪನ ಲಾಳಿಗೆ ಕಂಡಕಿ ಸುತ್ತುತ್ತಿದ್ದೆ, ಹಾಗೆಂದರೆ ಸಣ್ಣ ಕೊಳವೆಗೆ ನೂಲು ತುಂಬುತ್ತಿದ್ದೆ. ಬಿಡುವಿದ್ದಾಗ ಅತ್ತಿಯ ಪಕ್ಕ ಕೂತು ಕೊಂಡಿಯನ್ನೂ ಅಷ್ಟಿಷ್ಟು ಕಲಿತಿದ್ದೆ. ಆ ಬೇಸಗೆಯಲ್ಲಿ ಸುತ್ತಲು ನೂಲೇ ಇರಲಿಲ್ಲ. ನೂಲು ಕೊಟ್ಟು ನೇಯಿಸುತ್ತಿದ್ದ ಸಾವಕಾರರು ರೇಷ್ಮೆ ತುಟ್ಟಿ ಎಂದು ಕೈ ಎತ್ತಿದ್ದರು. ಗಂಡಸರು ಬೆಳಿಗ್ಗೆ ಎದ್ದು ಸಾವಕಾರರ ಕಟ್ಟೆಯ ಮೇಲೆ ಹೋಗಿ ಕೂತು, ಬಿಸಿಲೇರಿದ ಮೇಲೆ ಬರಿಗೈಯಲ್ಲಿ ಬರುತ್ತಿದ್ದರು. ಹಗಲು ಹೊತ್ತಿನಲ್ಲಿ ಓಣಿಯಲ್ಲಿ ಮಗ್ಗದ ಸದ್ದು ಇಲ್ಲದಿದ್ದರೆ ಯಾರೋ ತೀರಿಕೊಂಡ ಹಾಗೆ ಅನಿಸುತ್ತದೆ.

ಮೊದಲ ಮಳೆಯ ಹೊತ್ತಿಗೆ ಸುದ್ದಿ ಬಂತು. ತಂದವನು ಪಕ್ಕದ ಮನೆಯ ಕಲ್ಲಪ್ಪ ಕಾಕಾ. ಅವನೂ ನೇಕಾರನೇ, ನೇಕಾರರ ಸೊಸೈಟಿಯಲ್ಲಿ ಓಡಾಡುತ್ತಿದ್ದ.

‘ಸರ್ಕಾರದವರು ಬಡವರಿಗೆ ಅಂತ ಜನತಾ ಸೀರಿ ತಗದಾರ. ನೂಲು ಅವರದ, ಕೂಲಿ ವಾರದ ವಾರ. ನಾವು ನೇಯೋದು, ಅವರು ರೇಶನ್ ಅಂಗಡ್ಯಾಗ ಸಸ್ತಾದಾಗ ಮಾರೋದು. ಲುಕ್ಸಾನು ಆದ್ರ ಸರ್ಕಾರ ತುಂಬ್ತೈತಿ. ಸಾವಕಾರನ ಕಟ್ಟಿ ಕಾಯೋದು ಇವತ್ತಿಗೆ ತೀರ್ತು!’

ಅಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ. ಅತ್ತಿಯೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

ನಾನು ಆ ಯೋಜನೆಯನ್ನು ಬೈಯಲು ಕೂತಿಲ್ಲ. ಆ ಮಳೆಗಾಲ ನಮ್ಮ ಓಣಿಯಲ್ಲಿ ಎರಡು ಹೊತ್ತೂ ಒಲೆ ಹೊತ್ತಿತು. ಶಿರೂರಿನ ಕಡೆಯ ಹೊಲಗಳಲ್ಲಿ ತೇಪೆ ಹಾಕಿದ ಸೀರೆ ಉಟ್ಟು ಕಳೆ ತೆಗೆಯುತ್ತಿದ್ದ ಹೆಂಗಸರು ಹೊಸದನ್ನು ಉಟ್ಟದ್ದನ್ನು ನಾನೇ ನೋಡಿದ್ದೇನೆ. ಎಲ್ಲೋ ದೂರದ ಕಚೇರಿಯಲ್ಲಿ ಯಾರೋ ಪುಣ್ಯಾತ್ಮರು ಬಡವರನ್ನೂ ನೇಕಾರರನ್ನೂ ಒಟ್ಟಿಗೆ ನೆನೆದಿದ್ದರು. ಮಗ್ಗ ಇದ್ದವನು ನೇಕಾರ ಎಂದು ಅವರು ತಿಳಿದಿದ್ದರು. ಮಗ್ಗ ಇಲ್ಲದೆ ಬರೀ ಬೆರಳಿರುವವರೂ ನೇಯ್ಗೆಯಲ್ಲಿ ಇರುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲವೋ ಏನೋ.

ಸರ್ಕಾರದ ಮೊದಲ ನೂಲು ಮನೆಗೆ ಬಂದ ದಿನ ಅತ್ತಿ ಎಂದಿನಂತೆ ಕೈ ತೊಳೆದುಕೊಂಡು ಬಂದು ಕೂತಳು. ದಪ್ಪ ನೂಲು. ಒಂದೇ ಉದ್ದ ಹಾಸು, ಅದರಲ್ಲಿ ಒಂದರ ಹಿಂದೆ ಒಂದು ಎಷ್ಟೋ ಸೀರೆ.

‘ಸೆರಗಿನ ಹಾಸು ಎಲ್ಲೈತಿ?’ ಎಂದು ಕೇಳಿದಳು.

‘ಇದಕ್ಕ ಸೆರಗು ಬ್ಯಾರೆ ಇಲ್ಲವಾ’ ಎಂದ ಕಲ್ಲಪ್ಪ ಕಾಕಾ. ‘ತುದೀಗೆ ಎರಡು ಪಟ್ಟಿ ಹೊಡದ್ರ ಅದ ಸೆರಗು.’

‘ಹಂಗಾರ ಕೊಂಡಿ?’

‘ಕೊಂಡಿ ಬ್ಯಾಡ. ಅದಕ್ಕ ಸರ್ಕಾರ ರೊಕ್ಕ ಇಟ್ಟಿಲ್ಲ.’

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ. ಅತ್ತಿ ಎದ್ದು ಒಳಗೆ ಹೋದಳು.

ಓಣಿ ತುಂಬ ಮಗ್ಗದ ಸದ್ದು. ಅಷ್ಟು ಸದ್ದಿನ ನಡುವೆ ಅವಳೊಬ್ಬಳಿಗೆ ಕೆಲಸವಿರಲಿಲ್ಲ. ಮನೆಮನೆಗೆ ಹೋಗಿ ಬಂದಳು. ಎಲ್ಲರೂ ಮರ್ಯಾದೆಯಿಂದಲೇ ಕೂರಿಸಿ, ಚಹಾ ಕೊಟ್ಟು ಕಳಿಸಿದರು. ಹಿಂದಿನ ಓಣಿಯಲ್ಲಿ ಕೊಂಡಿ ಹಾಕುತ್ತಿದ್ದ ಇಬ್ಬರು ಮುದುಕಿಯರಲ್ಲಿ ಒಬ್ಬಳು ಗುಳೇದಗುಡ್ಡದ ಮಗಳ ಮನೆ ಸೇರಿದಳು, ಇನ್ನೊಬ್ಬಳು ಬೀಡಿ ಕಟ್ಟಲು ಕೂತಳು. ಅತ್ತಿ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನತೊಡಗಿದಳು. ಅವ್ವ ಏನೂ ಅಂದಿರಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದಳೇನೋ. ಒಂದು ದಿನ ಬಾವಿಯ ಹತ್ತಿರ ನಾನು ಪಾತ್ರೆ ತಿಕ್ಕುತ್ತಿದ್ದಾಗ ಬಂದು ನನ್ನ ಕೈಯಿಂದ ತೆಂಗಿನ ನಾರು ಕಸಿದುಕೊಳ್ಳಲು ನೋಡಿದಳು. ನಾನು ಬಿಡಲಿಲ್ಲ.

‘ಇಷ್ಟು ವರ್ಷ ಅಣ್ಣನ ಮನ್ಯಾಗ ದುಡಿಯಾಕಿ ಆಗಿ ಇದ್ದೆ ಶಾಂತಾ’ ಎಂದಳು. ‘ಇನ್ನ ಕುಂತು ಉಣ್ಣಾಕಿ ಆಗಿ ಹೆಂಗಿರ್ಲಿ?’

ನಾನು ನಾರನ್ನು ಇನ್ನೂ ಗಟ್ಟಿಯಾಗಿ ಹಿಡಿದು ಪಾತ್ರೆ ತಿಕ್ಕತೊಡಗಿದೆ.

ಶ್ರಾವಣದಲ್ಲಿ ಒಂದು ತಪ್ಪು ನಡೆಯಿತು. ಸಾವಕಾರನ ಕಾಲದ ಒಂದು ಕೆಂಪು ಸೆರಗಿನ ಹಾಸು ಮನೆಯಲ್ಲಿ ಉಳಿದಿತ್ತು. ಅಪ್ಪ ಹುನಗುಂದದ ಸಂತೆಗೆ ಹೋಗಿದ್ದ. ಜನತಾ ಹಾಸಿನ ಕೊನೆಯ ಸೀರೆ ಮಗ್ಗದ ಮೇಲಿತ್ತು. ಅತ್ತಿ ಕೈ ತೊಳೆದು ಬಂದು, ಯಾರನ್ನೂ ಕೇಳದೆ, ಆ ದಪ್ಪ ನೂಲಿನ ತುದಿಗೆ ಕೆಂಪು ಸೆರಗನ್ನು ಕೂಡಿಸಲು ಕೂತುಬಿಟ್ಟಳು. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ಬೇಡ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅಷ್ಟು ದಿನದ ಮೇಲೆ ಅವಳ ಮುಖ ಅರಳಿತ್ತು.

ಸಂಜೆ ಅಪ್ಪ ಬಂದ. ಮಗ್ಗ ನೋಡಿದ. ತಂಗಿಯ ಮುಖ ನೋಡಿದ. ಬೈಯುತ್ತಾನೆ ಎಂದುಕೊಂಡಿದ್ದೆವು. ಅವನು ಅಂಗಿ ತೆಗೆದು ಗೂಟಕ್ಕೆ ಹಾಕಿ, ಕುಣಿಗೆ ಇಳಿದು ಲಾಳಿ ಹಿಡಿದ.

ಮರುದಿನ ಓಣಿಯ ಹೆಂಗಸರೆಲ್ಲ ನೋಡಲು ಬಂದರು. ಒರಟು ನೀಲಿ ಒಡಲಿಗೆ ಕೆಂಪು ಸೆರಗು! ‘ಇದೇನ ಗೌರಕ್ಕಾ, ಕೂಲಿ ಮಾಡಾಕಿಗೆ ದೇಸಾಯರ ಮನಿ ಸೆರಗು ಹಚ್ಚೀಯಲ್ಲ!’ ಎಂದು ನಕ್ಕರು.

‘ಹಚ್ಚಿದ್ರೇನಾತು?’ ಎಂದಳು ಅತ್ತಿ. ‘ಯಾವಾಕಿ ನಸೀಬದಾಗ ಐತೋ ಆಕಿ ಉಡ್ತಾಳ. ಬಡವರಿಗೂ ಬೆನ್ನ ಮ್ಯಾಲ ಒಂದು ಚಂದ ಸೆರಗು ಇರ್ಲಿ.’

ಅದು ನೇಕಾರರಷ್ಟೇ ಮಾಡಬಹುದಾದ ತಪ್ಪು. ಕೇಳಿದ್ದಕ್ಕಿಂತ ಚಂದದ ಮಾಲು ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದೆವು. ಈ ಸೀರೆ ನೋಡಿದರೆ ಮೇಲಿನವರು ಎಲ್ಲ ಜನತಾ ಸೀರೆಗೂ ಕೊಂಡಿ ಹಾಕಿರಿ ಎಂದಾರು, ಅತ್ತಿಗೆ ಮತ್ತೆ ಕೆಲಸ ಬಂದೀತು ಎಂದು ಅಪ್ಪ ಒಳಗೊಳಗೇ ಲೆಕ್ಕ ಹಾಕಿದ್ದ.

ಗಂಟು ಹೊತ್ತು ಸೊಸೈಟಿಗೆ ಅಪ್ಪನ ಜೊತೆ ನಾನೂ ಹೋದೆ. ಮಾಲು ನೋಡಿ ಸಿಕ್ಕೆ, ಎಂದರೆ ಸರ್ಕಾರದ ಮುದ್ರೆ, ಒತ್ತುವ ಸಾಹೇಬರು ದಕ್ಷಿಣದ ಕಡೆಯವರು, ಇನ್ನೂ ಸಣ್ಣ ವಯಸ್ಸು. ಒಂದೊಂದೇ ಸೀರೆಗೆ ಸಿಕ್ಕೆ ಒತ್ತುತ್ತ ಬಂದವರು ಅದನ್ನು ಕೈಗೆ ತೆಗೆದುಕೊಂಡು ನಿಂತರು. ಸೆರಗಿನ ಮೇಲೆ ಕೈಯಾಡಿಸಿದರು.

‘ತುಂಬಾ ಚೆನ್ನಾಗಿದೆ’ ಎಂದರು. ಅಪ್ಪನ ಮುಖ ಬೆಳಗಿತು. ‘ಆದರೆ ಯಜಮಾನ್ರೇ, ಇದು ಜನತಾ ಸೀರೆ ಅಲ್ಲ. ಇದಕ್ಕೆ ಸಿಕ್ಕೆ ಒತ್ತೋಕಾಗಲ್ಲ.’

‘ಕೂಲಿ ಜಾಸ್ತಿ ಬ್ಯಾಡ್ರಿ ಸಾಹೇಬ್ರ. ನಮ್ಮ ತಂಗಿ ಸುಮ್ನ ಹೌಸಿಗೆ ಹಾಕ್ಯಾಳ್ರಿ ಕೊಂಡಿ.’

‘ಕೂಲಿ ಪ್ರಶ್ನೆ ಅಲ್ಲ. ಎಲ್ಲ ಸೀರೆನೂ ಒಂದೇ ಥರ ಇರಬೇಕು. ಸರ್ಕಾರದ ನೂಲಲ್ಲಿ ಹೊರಗಿನವರ ಸೀರೆ ನೇಯ್ದು ಮಾರ್ತಿದ್ದಾರೆ ಅಂತ ಆಗಲೇ ದೂರು ಬಂದಿದೆ. ನಾಳೆ ಮೇಲಿನವರು ಇದನ್ನ ನೋಡಿದ್ರೆ ನಿಮ್ಮನ್ನೂ ಹಾಗೇ ಅಂತಾರೆ, ನನ್ನನ್ನೂ ಅಂತಾರೆ.’

ದೂರು ಸುಳ್ಳಾಗಿರಲಿಲ್ಲ. ಸರ್ಕಾರದ ನೂಲು ಕದ್ದು ಮಾರುವವರು ಊರಲ್ಲಿ ಇದ್ದರು. ಅವರ ಮಾಲಿಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ, ಎಲ್ಲ ಒಂದೇ ಥರ ಇರುತ್ತಿತ್ತು. ಸಿಕ್ಕಿಬಿದ್ದವರು ನಾವು. ವಿಚಾರಣೆ ಮುಗಿಯುವ ತನಕ ನಮ್ಮ ಮನೆಗೆ ನೂಲು ಇಲ್ಲ ಎಂದು ತೀರ್ಮಾನವಾಯಿತು. ಸಾಹೇಬರು ಆ ಸೀರೆಯನ್ನು ತಾವೇ ಮಡಚಿ ಅಪ್ಪನ ಕೈಗೆ ಕೊಟ್ಟರು. ಅವರ ಮುಖವೂ ಸಣ್ಣದಾಗಿತ್ತು. ಅವರನ್ನು ಬೈಯಲು ನನಗೆ ಇವತ್ತಿಗೂ ಬಾಯಿ ಬರುವುದಿಲ್ಲ, ಅದೇ ನನ್ನ ಸಂಕಟ.

 ಅಪ್ಪ ಮನೆಗೆ ಬಂದು ಸೀರೆಯನ್ನು ಮಗ್ಗದ ಮೇಲಿಟ್ಟು, ‘ಗೌರಾ, ನಿಂದೇನೂ ತಪ್ಪಿಲ್ಲ’ ಎಂದ. ತಪ್ಪಿಲ್ಲ ಎಂದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು.

ಮರುದಿನ ಬೆಳಿಗ್ಗೆ ಅತ್ತಿ ತಲೆಗೆ ಅರಿವೆ ಸುತ್ತಿಕೊಂಡು ಹೊರಟಳು. ಹುನಗುಂದದ ರಸ್ತೆಗೆ ಖಡಿ, ಎಂದರೆ ಜಲ್ಲಿಕಲ್ಲು, ಒಡೆಯುವ ಕೆಲಸ ನಡೆದಿತ್ತು. ಅದೂ ಸರ್ಕಾರದ್ದೇ, ಕೂಲಿಗಾಗಿ ಕಾಳು ಎಂದು ಕರೆಯುತ್ತಿದ್ದರು. ದಿನಪೂರ್ತಿ ಕಲ್ಲು ಒಡೆದರೆ ಗೋಧಿ ಕೊಡುತ್ತಿದ್ದರು. ಅಪ್ಪ ಬಾಗಿಲಿಗೆ ಅಡ್ಡ ನಿಂತ. ‘ರೇಷ್ಮಿ ಹಿಡಿಯೋ ಕೈಲೆ ಸುತಗಿ ಹಿಡೀತಿಯೇನ?’ ಎಂದ.

‘ರೇಷ್ಮಿ ಎಲ್ಲೈತಿ ಅಣ್ಣಾ?’ ಎಂದಳು. ಅಪ್ಪ ದಾರಿ ಬಿಟ್ಟ.

ನಮ್ಮ ಕಡೆ ಗೋಧಿ ಹಬ್ಬದ ಧಾನ್ಯ, ದಿನಕ್ಕೆ ಜೋಳದ ರೊಟ್ಟಿ. ನೂಲು ನಿಂತಿದ್ದ ಎರಡು ತಿಂಗಳು ದಿನಾ ಗೋಧಿ ಉಂಡೆವು. ನೋಡಿದವರು ಮನೆಯಲ್ಲಿ ಏನೋ ಕಾರ್ಯ ಇದೆ ಎಂದುಕೊಳ್ಳಬೇಕು. ಅವ್ವ ಮೊದಲ ದಿನ ಚಪಾತಿ ಮಾಡಿ ಅತ್ತಿಯ ತಾಟಿಗೆ ಹಾಕುತ್ತ ಅತ್ತುಬಿಟ್ಟಳು. ಅತ್ತಿ ಮಾತ್ರ ಎಷ್ಟೋ ವಾರಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಒಮ್ಮೆ ಅವಳಿಗೆ ಬುತ್ತಿ ಕೊಡಲು ರಸ್ತೆಗೆ ಹೋಗಿದ್ದೆ. ಸಾಲಾಗಿ ಕೂತು ಕಲ್ಲು ಒಡೆಯುತ್ತಿದ್ದ ಹೆಂಗಸರಲ್ಲಿ ಹೆಚ್ಚಿನವರು ಉಟ್ಟದ್ದು ಜನತಾ ಸೀರೆ. ಅತ್ತಿಯೂ ಒಂದನ್ನು ಕೊಂಡಿದ್ದಳು. ‘ಗಟ್ಟಿ ಅದಾವವಾ’ ಎಂದು ನನಗೇ ಹೊಗಳಿದಳು. ಬೆನ್ನ ಮೇಲೆ ಎರಡು ಪಟ್ಟಿ ಇತ್ತು.

ದೀಪಾವಳಿಯ ಹೊತ್ತಿಗೆ ನಮ್ಮ ಮೇಲೆ ಬಂದ ಅನುಮಾನ ಹೋಗಿ ಮತ್ತೆ ನೂಲು ಬಂತು. ಇನ್ನು ಕಲ್ಲಿನ ಕೆಲಸ ಸಾಕು ಎಂದು ಅಪ್ಪ ಅತ್ತಿಗೆ ಕೈ ಮುಗಿದ. ‘ಮನ್ಯಾಗ ಇದ್ದು ಏನು ಮಾಡ್ಲಿ? ಅಲ್ಲಿ ನನಗ ಕೆಲಸ ಐತಿ’ ಎಂದಳು. ಆ ರಸ್ತೆ ಮುಗಿದ ಮೇಲೆ ಕೆರೆಯ ಒಡ್ಡು, ಆಮೇಲೆ ಇನ್ನೊಂದು ರಸ್ತೆ. ಮೈಯಲ್ಲಿ ಕಸುವು ಇರುವ ತನಕ ಅವಳು ಅದನ್ನೇ ಮಾಡಿದಳು. ಎಂಬತ್ತರ ದಶಕದ ನಡುವೆ, ಅಣ್ಣನ ಮನೆಯಲ್ಲೇ, ಎರಡು ದಿನದ ಜ್ವರಕ್ಕೆ ತೀರಿಕೊಂಡಳು.

ಆದರೆ ನನ್ನ ಹೆಬ್ಬೆರಳು ಹುಡುಕುವುದು ಜನತಾ ಸೀರೆ ಬಂದ ವರ್ಷದ ಮಾಘ ಮಾಸವನ್ನು. ಬಾಗಲಕೋಟೆಯ ಕಡೆಯಿಂದ ನನಗೆ ಗಂಡು ಗೊತ್ತಾಯಿತು. ಮಗಳ ಮದುವೆಗೆ ತನ್ನ ಮಗ್ಗದ ಸೀರೆಯೇ ಆಗಬೇಕು, ಅಪ್ಪಟ ರೇಷ್ಮೆಯ ಸೆರಗೇ ಆಗಬೇಕು ಎಂದು ಅಪ್ಪ ಹಟ ಹಿಡಿದು ರೇಷ್ಮೆ ತಂದ. ಕೊಂಡಿಗೆ ಬೇರೆ ಯಾರನ್ನಾದರೂ ಕರೆಯೋಣವೇ ಎಂದು ಅವ್ವ ಮೆಲ್ಲಗೆ ಕೇಳಿದಳು.

‘ನನ್ನ ಶಾಂತಾನ ಸೀರಿಗೆ ಮಂದಿ ಕೈಯೇನು?’ ಎಂದಳು ಅತ್ತಿ.

ಒಂದು ವಾರ ಅವಳು ಕೈಗೆ ಚಿಂದಿ ಸುತ್ತಿಕೊಂಡು ಕಲ್ಲು ಒಡೆದಳು. ಸಂಜೆ ಬಂದು ಬಿಸಿನೀರಿನಲ್ಲಿ ಕೈ ನೆನೆಸಿ ಕಡಲೆಹಿಟ್ಟಿನಿಂದ ತಿಕ್ಕುವಳು, ಮಲಗುವಾಗ ಬೆಣ್ಣೆ ಸವರಿಕೊಳ್ಳುವಳು. ಬೆರಳ ತುದಿಗಳೆಲ್ಲ ಸೀಳಿ ಕಪ್ಪಾಗಿದ್ದವು. ಅಂಗೈ ನೋಡಿದರೆ ಅವ್ವನ ಕೈಯೇ ಮೆತ್ತಗೆ ಅನ್ನಬೇಕು.

ಸೋಮವಾರ ಬೆಳಿಗ್ಗೆ ಮಿಂದು ಬಂದು ಕೊಂಡಿಗೆ ಕೂತಳು. ನಾನು ಎದುರಿಗಿದ್ದೆ. ಮೊದಲ ಕೆಲವು ಎಳೆ ಕೂಡಿದವು. ಅವಳ ಬೆರಳಿಗೆ ಎಲ್ಲ ನೆನಪಿತ್ತು, ತುದಿಯ ಚರ್ಮ ಮಾತ್ರ ಕೇಳಲಿಲ್ಲ. ರೇಷ್ಮೆಯ ಎಳೆ ಬೆರಳಿನ ಸೀಳಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದರೆ ಹರಿಯಿತು. ಗಂಟು ಹಾಕಿದಳು. ಮುಂದಿನದು ಕೂಡಿತು, ಅದರ ಮುಂದಿನದು ಮತ್ತೆ ಹರಿಯಿತು. ಅವಳು ನೆತ್ತಿಯಿಂದ ಬೆವರುತ್ತಿದ್ದಳು. ಇಡೀ ಓಣಿಯ ಮದುಮಕ್ಕಳಿಗೆ ಒಂದೇ ಒಂದು ಗಂಟಿಲ್ಲದೆ ಹಾಕಿಕೊಟ್ಟವಳು ನನ್ನ ಸೀರೆಗೆ ಗಂಟಿನ ಮೇಲೆ ಗಂಟು ಹಾಕುತ್ತಿದ್ದಳು. ಎದ್ದು ಹೋಗುವ ಹಾಗಿಲ್ಲ. ಕೈ ಬದಲಿಸುವ ಹಾಗೂ ಇಲ್ಲ. ಅಪ್ಪ ನೋಡಲಾರದೆ ಹೊರಗೆ ಹೋದ.

ಬಹಳ ಹೊತ್ತಿನ ಮೇಲೆ ಅತ್ತಿ ತಲೆ ಎತ್ತದೆ, ‘ಇತ್ತ ಬಾ. ನನ್ನ ಬಾಜೂಕ ಕುಂದರ’ ಎಂದಳು.

ಕೂತೆ. ಮದುವೆ ಗೊತ್ತಾದಂದಿನಿಂದ ಅವ್ವ ನನ್ನನ್ನು ಪಾತ್ರೆ ತಿಕ್ಕಲು ಬಿಟ್ಟಿರಲಿಲ್ಲ, ಬೆರಳು ಮೆತ್ತಗಾಗಿದ್ದವು. ಅತ್ತಿ ನನ್ನ ಬಲಗೈಯ ಮಣಿಕಟ್ಟನ್ನು ಹಿಡಿದು ಹಾಸಿನ ಮೇಲೆ ಇಟ್ಟಳು.

‘ನೀ ಹಾಕು. ನಾ ಕೈ ಬಿಡಂಗಿಲ್ಲ.’

‘ಅತ್ತಿ, ನನಗ ಪೂರಾ ಬರಂಗಿಲ್ಲ.’

‘ಬರ್ತೈತಿ. ನಾ ಹಿಡದೇನಲ್ಲ.’

ಹೀಗೆ ನನ್ನ ಮದುವೆ ಸೀರೆಯ ಕೊಂಡಿಯನ್ನು ನಾನೇ ಹಾಕಿದೆ. ಅವಳು ನನ್ನ ಮಣಿಕಟ್ಟು ಬಿಡಲಿಲ್ಲ. ಎಳೆ ತಪ್ಪಿದಾಗ ಒತ್ತಿ ಹಿಡಿಯುತ್ತಿದ್ದಳು, ಸರಿಹೋದಾಗ ಸಡಿಲಿಸುತ್ತಿದ್ದಳು. ನೀರು ಬೇಕೇ ಎಂದು ಕೇಳಿದರೆ ಇಬ್ಬರೂ ಬೇಡವೆಂದೆವು. ಬಿಸಿಲು ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ಕೊನೆಯ ಎಳೆ ಕೂಡುವಾಗ ನನಗೆ ಕಣ್ಣೀರಿನಲ್ಲಿ ಏನೂ ಕಾಣುತ್ತಿರಲಿಲ್ಲ.

ಅವ್ವ ಬಾಗಿಲಲ್ಲಿ ಬಂದು ನಿಂತಳು. ಅವಳಿಗೆ ಕಟ್ಟಳೆಯ ಭಯ. ‘ಯಾರ ಕೈಲೆ ಮುಗೀತವಾ?’ ಎಂದು ಕೇಳಿದಳು.

‘ನನ್ನ ಕೈಲೇನ ಮುಗೀತು ವೈನಿ’ ಎಂದಳು ಅತ್ತಿ. ಆಮೇಲೆಯೇ ನನ್ನ ಕೈ ಬಿಟ್ಟಳು. ಬಿಟ್ಟು, ನನಗಷ್ಟೇ ಕೇಳುವ ಹಾಗೆ, ‘ನನ್ನ ಕೈ ಚುಚ್ಚಿತೇನ?’ ಎಂದಳು.

‘ಇಲ್ಲತ್ತಿ’ ಎಂದೆ.

ಮದುವೆಗೆ ಬಳೆ ಇಡಿಸುವ ದಿನ ಮನೆ ತುಂಬ ಮುತ್ತೈದೆಯರು. ಬಳೆಗಾರ್ತಿ ನನ್ನ ಬಲಗೈ ಹಿಡಿದವಳು, ಮಣಿಕಟ್ಟಿನ ಸುತ್ತ ಇನ್ನೂ ಮಾಯದ ಗೀರುಗಳನ್ನು ನೋಡಿ ನಿಂತಳು. ‘ಇದೇನವಾ ಮದಮಗಳ ಕೈ ಹಿಂಗ? ಬೆಕ್ಕು ಪರಚಿತೇನ?’ ಎಂದು ಕೇಳಿದಳು. ಹೆಂಗಸರೆಲ್ಲ ನಕ್ಕರು. ನಾನು ಬಾಗಿಲ ಕಡೆ ನೋಡಿದೆ. ಅತ್ತಿ ಅಲ್ಲಿರಲಿಲ್ಲ, ಬೆಳಿಗ್ಗೆಯೇ ಖಡಿಗೆ ಹೋಗಿದ್ದಳು.

‘ಬೆಕ್ಕಲ್ಲ’ ಎಂದೆ. ‘ನಮ್ಮತ್ತಿ ಕೊಂಡಿ ಹಾಕ್ಯಾಳ.’